ಅಂಗಳದ ಚಪ್ಪರಕ್ಕೆ ಬಳ್ಳಿ ಕಟ್ಟುವ ಕ್ರಮ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯದ ಕಡೆ ಮನೆಯಲ್ಲಿ ಮದುವೆಯೋ ಉಪನಯನವೋ ನಿಶ್ಚಯವಾಯಿತೆಂದರೆ ಹಿಂದೆ ಮೊದಲು ಬರುತ್ತಿದ್ದ ಮಾತು ಅಂಗಳದ ಚಪ್ಪರದ್ದು. ತೋಟದಿಂದ ಅಡಿಕೆ ಮರ ಕಡಿದು ಹೊತ್ತು ತರುವವರು, ತೆಂಗಿನ ಮಡಲು (ಗರಿ) ಹೆಣೆಯುವವರು, ಬಳ್ಳಿ ಕಟ್ಟುವವರು ಎಲ್ಲರೂ ನೆರೆಕರೆಯವರೇ ಆಗಿದ್ದರು. ಈಗ ಕಬ್ಬಿಣದ ಪೈಪಿನ ಶಾಮಿಯಾನ ಬಾಡಿಗೆಗೆ ಸಿಗುವುದರಿಂದ ಆ ಕೈಗಳು ಕಡಿಮೆಯಾಗಿವೆ. ಆದರೂ ಹಟ್ಟಿಯ ಮುಂದಿನ ಮಾಡು, ತೊಂಡೆಯ ಚಪ್ಪರ, ಸೌದೆಯ ಮೇಲಿನ ಮರೆ, ಊರ ಬಯಲಾಟಕ್ಕೆ ಬೇಕಾಗುವ ತಾತ್ಕಾಲಿಕ ಕಟ್ಟು ಮುಂತಾದ ಕೆಲಸಗಳನ್ನು ತಾವೇ ಮಾಡಬೇಕೆಂದು ಬಯಸುವ ಯುವಕರು ಮತ್ತೆ ಕಾಣಿಸಿಕೊಳ್ಳುತ್ತಿದ್ದಾರೆ. ಅವರಿಗಾಗಿ ಈ ಲೇಖನ. ನಮ್ಮಲ್ಲಿ ಹಗ್ಗಕ್ಕೆ ಬಳ್ಳಿ ಎಂದೇ ಹೇಳುವ ರೂಢಿಯಾದ್ದರಿಂದ ಇಲ್ಲಿ ಎರಡು ಪದಗಳನ್ನೂ ಒಂದೇ ಅರ್ಥದಲ್ಲಿ ಬಳಸಿದ್ದೇನೆ.

ಮೊದಲಿಗೆ ಒಂದು ಗೆರೆ ಎಳೆದುಕೊಳ್ಳಬೇಕು. ಇಲ್ಲಿ ಹೇಳುವ ಕ್ರಮ ಸುಮಾರು ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಎಂಟೊಂಬತ್ತು ಅಡಿ ಎತ್ತರದ, ನೆರಳಿಗೆಂದು ಮಾತ್ರ ಕಟ್ಟುವ ಚಪ್ಪರಕ್ಕೆ ಸಂಬಂಧಿಸಿದ್ದು. ಜನ ಮೇಲೇರಿ ನಿಲ್ಲುವ ಅಟ್ಟಣಿಗೆ, ಮಕ್ಕಳ ಉಯ್ಯಾಲೆ, ಮಳೆಗಾಲದಲ್ಲಿ ತುಂಬಿ ಹರಿಯುವ ತೋಡಿಗೆ ಹಾಕುವ ಕಾಲುಸಂಕ ಇವು ಮನುಷ್ಯನ ಜೀವವನ್ನೇ ಹೊರುವ ರಚನೆಗಳು; ಅವುಗಳನ್ನು ಕಲಿಕೆಯ ಹಂತದಲ್ಲಿ ಕಟ್ಟಬಾರದು, ಅನುಭವಿಯ ಕಣ್ಣೆದುರಿನಲ್ಲೇ ಕಟ್ಟಬೇಕು.

ನನಗೆ ಈ ವಿಷಯದಲ್ಲಿ ಇಷ್ಟು ಕಾಳಜಿ ಬರಲು ಒಂದು ಕಾರಣವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ನಮ್ಮ ಅಂಗಳದಲ್ಲಿ ನಾವು ನಾಲ್ಕು ಮಂದಿ ಸೇರಿ ಚಪ್ಪರ ಕಟ್ಟಿದೆವು. ಆಗ ತಾನೇ ಕಡಿದ ಹಸಿ ಅಡಿಕೆ ಮರಗಳು. ನುಣುಪಾದ ಪ್ಲಾಸ್ಟಿಕ್ ಹಗ್ಗ. ಪ್ರತಿ ಸಂದಿಗೂ ಏಳೆಂಟು ಸುತ್ತು, ಅದರ ಮೇಲೆ ಗಂಟಿನ ಮೇಲೆ ಗಂಟು. ಹತ್ತು ದಿನಗಳ ಬಿಸಿಲಿಗೆ ಮರ ಆರಿ ಕುಗ್ಗಿತು. ಸಮಾರಂಭದ ಹಿಂದಿನ ಸಂಜೆ ಒಂದು ಅಡ್ಡಮರ ಕಂಬದ ಮೇಲೆ ಎರಡು ಗೇಣಿನಷ್ಟು ಜಾರಿ, ಅದರ ಇನ್ನೊಂದು ತುದಿ ಕಳಚಿ, ಕೆಳಗೆ ಬಾಳೆಗೊನೆ ಇಡುತ್ತಿದ್ದ ಚಿಕ್ಕಪ್ಪನ ಮಗನ ಭುಜಕ್ಕೆ ಬಡಿಯಿತು. ಕೊರಳೆಲುಬು ಮುರಿದು ಅವನು ಆರು ವಾರ ಕೈ ಕಟ್ಟಿಸಿಕೊಂಡು ಕುಳಿತ. ಮರುದಿನ ಆ ಸಂದಿಯನ್ನು ಹತ್ತಿರದಿಂದ ನೋಡಿದಾಗ ಕಂಡದ್ದನ್ನು ನಾನು ಮರೆತಿಲ್ಲ: ಒಂದು ಗಂಟೂ ಬಿಚ್ಚಿರಲಿಲ್ಲ. ಗಂಟುಗಳೆಲ್ಲ ಕಲ್ಲಿನಂತೆ ಗಟ್ಟಿಯಾಗಿದ್ದವು. ಅವುಗಳ ಕೆಳಗಿನ ಸುತ್ತುಗಳು ಮಾತ್ರ ಕೈಬಳೆಯಂತೆ ಸಡಿಲವಾಗಿ ತೂಗುತ್ತಿದ್ದವು. ಕಟ್ಟು ನಿಲ್ಲುವುದು ಗಂಟಿನ ಬಲದಿಂದಲ್ಲ, ಮರಕ್ಕೂ ಬಳ್ಳಿಗೂ ನಡುವಿನ ಬಿಗಿತದಿಂದ ಎಂಬುದು ನನಗೆ ತಿಳಿದದ್ದು ಹಾಗೆ. ಈ ಲೇಖನದ ಉಳಿದ ಭಾಗವೆಲ್ಲ ಆ ಬಿಗಿತವನ್ನು ತರುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆಯೇ ಇದೆ.

ಬಳ್ಳಿಯ ಆಯ್ಕೆ

ನಮ್ಮ ಕರಾವಳಿಗೆ ಕತ್ತದ ಬಳ್ಳಿ ಹೊಸದಲ್ಲ. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ನೆನೆಹಾಕಿ, ಬಡಿದು ನಾರು ತೆಗೆದು ಹೊಸೆದ ಈ ಬಳ್ಳಿ ನೀರಿನಲ್ಲಿ ಬೇಗ ಕೊಳೆಯುವುದಿಲ್ಲ. ಅದರ ಮೈ ಒರಟಾದ್ದರಿಂದ ನುಣುಪಾದ ಅಡಿಕೆ ಮರವನ್ನು ಅದು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಆದರೆ ಅಷ್ಟೇ ದಪ್ಪದ ಪ್ಲಾಸ್ಟಿಕ್ ಹಗ್ಗಕ್ಕಿಂತ ಅದರ ಬಲ ಕಡಿಮೆ, ಹಿಗ್ಗುವ ಗುಣ ಹೆಚ್ಚು. ಹೀಗಾಗಿ ಕತ್ತದ ಬಳ್ಳಿಯನ್ನು ಕಟ್ಟುವ ಮೊದಲು ಒಂದು ಮರಕ್ಕೆ ಸಿಕ್ಕಿಸಿ, ಇಬ್ಬರು ಸೇರಿ ಬಲವಾಗಿ ಜಗ್ಗಿ, ಅದರ ಹಿಗ್ಗನ್ನು ಸ್ವಲ್ಪ ತೆಗೆಯುವುದು ಒಳ್ಳೆಯದು.

ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ನೀಲಿ, ಹಳದಿ ಬಣ್ಣದ ಪ್ಲಾಸ್ಟಿಕ್ ಹಗ್ಗಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್‌ನವು. ಅವು ಹಗುರ, ನೀರಿನಲ್ಲಿ ತೇಲುತ್ತವೆ, ಹೊಸದಾಗಿದ್ದಾಗ ಬಲವಾಗಿಯೂ ಇರುತ್ತವೆ. ಆದರೆ ಬಿಸಿಲು ಅವುಗಳ ಶತ್ರು. ಒಂದು ಬೇಸಿಗೆ ಪೂರ್ತಿ ಅಂಗಳದಲ್ಲಿದ್ದ ಹಗ್ಗವನ್ನು ಉಗುರಿನಿಂದ ಕೆರೆದಾಗ ಬಿಳಿ ಪುಡಿ ಉದುರಿದರೆ, ಅದನ್ನು ಇನ್ನು ತಲೆಯ ಮೇಲಿನ ಯಾವ ಕೆಲಸಕ್ಕೂ ಬಳಸಬಾರದು. ನೈಲಾನ್ ಹಗ್ಗ ಇದಕ್ಕಿಂತ ಬಲವುಳ್ಳದ್ದು, ಆದರೆ ಭಾರ ಬಿದ್ದಾಗ ಬಹಳ ಹಿಗ್ಗುತ್ತದೆ, ಒದ್ದೆಯಾದಾಗ ಬಲ ಸ್ವಲ್ಪ ಕುಂದುತ್ತದೆ. ಆದ್ದರಿಂದ ಸಂದಿ ಕಟ್ಟಲು ನಾನು ಅದನ್ನು ಬಳಸುವುದಿಲ್ಲ. ಬಿದಿರು, ಅಡಿಕೆ ಮರಗಳ ಸಂದಿಗೆ ಆರರಿಂದ ಎಂಟು ಮಿಲಿಮೀಟರ್ ದಪ್ಪದ ಕತ್ತದ ಬಳ್ಳಿ ಅಥವಾ ಸಣಬಿನ ಬಳ್ಳಿ, ಹೊರಗಿನಿಂದ ಎಳೆದು ಕಟ್ಟುವ ಗೂಟದ ಹಗ್ಗಕ್ಕೆ ಹತ್ತು ಮಿಲಿಮೀಟರ್ ದಪ್ಪದ ಹೊಸ ಪ್ಲಾಸ್ಟಿಕ್ ಹಗ್ಗ ಎಂಬುದು ನನ್ನ ಲೆಕ್ಕ. ಸಣಬು ಒದ್ದೆಯಾದಾಗ ಉಬ್ಬಿ ಗಿಡ್ಡವಾಗುತ್ತದೆ, ಒಣಗಿದಾಗ ಸಡಿಲವಾಗುತ್ತದೆ ಎಂಬುದನ್ನು ನೆನಪಿನಲ್ಲಿಡಬೇಕು.

ಹಗ್ಗದ ಸುರುಳಿಯ ಚೀಟಿಯಲ್ಲಿ ಬರೆದಿರುವ ತೂಕ ಅದು ಹರಿಯುವ ತೂಕವೇ ಹೊರತು ನಾವು ಹೊರಿಸಬಹುದಾದ ತೂಕವಲ್ಲ. ಯಾವುದೇ ಹಗ್ಗದಲ್ಲಿ ಒಂದು ಗಂಟು ಬಿದ್ದ ಕೂಡಲೇ, ಅಲ್ಲಿ ಎಳೆಗಳು ಕಡಿದಾಗಿ ಬಾಗುವುದರಿಂದ, ಅದರ ಬಲ ಗಂಟಿನ ಬಗೆಯನ್ನು ಅವಲಂಬಿಸಿ ಕಾಲು ಪಾಲಿನಿಂದ ಅರ್ಧದವರೆಗೆ ಇಳಿಯಬಹುದು. ಅದರ ಮೇಲೆ ಬಿಸಿಲು, ಸವೆತ, ಗಾಳಿಯ ಜಗ್ಗಾಟ ಸೇರುತ್ತವೆ. ಚೀಟಿಯಲ್ಲಿ 800 ಕೆ.ಜಿ. ಎಂದಿದ್ದರೆ 80 ಕೆ.ಜಿ.ಗಿಂತ ಹೆಚ್ಚು ಹೊರಿಸದಿರುವುದು, ಅಂದರೆ ಹತ್ತರಲ್ಲಿ ಒಂದು ಪಾಲಿಗೆ ನಿಲ್ಲುವುದು, ತಲೆಯ ಮೇಲಿನ ಕೆಲಸಕ್ಕೆ ಸರಿಯಾದ ಎಚ್ಚರಿಕೆ.

ಹಗ್ಗ ತುಂಡರಿಸಿದ ಕೂಡಲೇ ತುದಿಯನ್ನು ಭದ್ರಪಡಿಸಬೇಕು. ಕತ್ತ, ಸಣಬಿನ ತುದಿಗೆ ಗಟ್ಟಿ ನೂಲನ್ನು ಹಗ್ಗದ ದಪ್ಪದ ಒಂದೂವರೆ ಪಟ್ಟು ಉದ್ದಕ್ಕೆ ಒತ್ತಾಗಿ ಸುತ್ತಿ ಬಿಗಿದರೆ ಸಾಕು. ಪ್ಲಾಸ್ಟಿಕ್ಕಿನ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಬಹುದು, ಆದರೆ ಕರಗಿದ ಹನಿ ಚರ್ಮಕ್ಕೆ ಅಂಟಿ ಸುಡುತ್ತದೆ. ಬೆರಳಿನಿಂದ ಒತ್ತಬಾರದು, ಒದ್ದೆ ಗೋಣಿಯ ತುಂಡಿನಲ್ಲಿ ಒತ್ತಬೇಕು.

ಮರ

ಅಡಿಕೆ ಮರದ ಬಲವೆಲ್ಲ ಹೊರಗಿನ ಕಪ್ಪು ಕವಚದಲ್ಲಿದೆ, ಒಳಗಿನದು ಮೆತ್ತನೆಯ ತಿರುಳು. ಆದ್ದರಿಂದಲೇ ಮೊಳೆ ಹೊಡೆದರೆ ಅದು ಸೀಳುತ್ತದೆ, ಬಳ್ಳಿ ಕಟ್ಟಿದರೆ ನಿಲ್ಲುತ್ತದೆ. ಎಳೆ ಮರ ಬೇಡ. ಬಲಿತ ಹಳೆಯ ಮರದ ಬುಡದ ಭಾಗ ಕಂಬಕ್ಕೆ, ಮೇಲಿನ ಭಾಗ ಅಡ್ಡಕ್ಕೆ. ಕಡಿದ ಮರವನ್ನು ನೆರಳಿನಲ್ಲಿ ಮೂರು ನಾಲ್ಕು ವಾರ ಆರಲು ಬಿಡುವುದು ಸಾಧ್ಯವಾದರೆ ನಮಗಾದಂಥ ಅಪಾಯ ಅರ್ಧ ತಪ್ಪಿದಂತೆ. ಬಿದಿರಾದರೆ ಸಂದಿ ಗೆಣ್ಣಿನ ಹತ್ತಿರ ಬರುವಂತೆ ಹೊಂದಿಸಬೇಕು. ಗೆಣ್ಣಿನ ಮೇಲ್ಭಾಗದಲ್ಲಿ ಬಳ್ಳಿಗೆ ತಾನಾಗಿಯೇ ಒಂದು ತಡೆ ಸಿಗುತ್ತದೆ.

ಕೈಗೆ ಬರಬೇಕಾದ ಗಂಟುಗಳು

ಗಂಟುಗಳ ಹೆಸರು ನೂರಾರು ಇವೆ. ಚಪ್ಪರದ ಕೆಲಸಕ್ಕೆ ಐದು ಸಾಕು, ಆದರೆ ಆ ಐದು ಕತ್ತಲೆಯಲ್ಲಿ, ಬೆನ್ನ ಹಿಂದೆ ಕೈಯಿಟ್ಟು ಕಟ್ಟುವಷ್ಟು ರೂಢಿಯಾಗಬೇಕು. ಮನೆಯ ಜಗಲಿಯ ಕಂಬಕ್ಕೆ ಒಂದು ಮಾರು ಹಗ್ಗ ಕಟ್ಟಿಟ್ಟು ದಿನಕ್ಕೆ ಹತ್ತು ನಿಮಿಷ ಅಭ್ಯಾಸ ಮಾಡಿದರೆ ಎರಡು ವಾರದಲ್ಲಿ ಕೈ ಕುದುರುತ್ತದೆ. ನಮ್ಮ ಕಡೆ ಒಬ್ಬೊಬ್ಬರು ಇವುಗಳಿಗೆ ಒಂದೊಂದು ಹೆಸರು ಹೇಳುವುದರಿಂದ, ಶಾಲೆಯ ಸ್ಕೌಟ್ ಶಿಬಿರಗಳಲ್ಲಿ ಕಲಿಸುವ ಹೆಸರುಗಳನ್ನೇ ಇಲ್ಲಿ ಬಳಸುತ್ತೇನೆ.

ಮೊದಲನೆಯದು ಕ್ಲೋವ್ ಹಿಚ್. ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಆ ಸುತ್ತಿನ ಮೇಲೆ ಓರೆಯಾಗಿ ದಾಟಿಸಿ, ಅದರ ಪಕ್ಕದಲ್ಲೇ ಇನ್ನೊಂದು ಸುತ್ತು ಹಾಕಿ, ಓರೆಯಾಗಿ ದಾಟಿದ ಎಳೆಯ ಅಡಿಯಿಂದ ತುದಿಯನ್ನು ತೂರಿಸಿ ಎಳೆದರೆ ಅದು ಸಿದ್ಧ. ಸಂದಿಯ ಕಟ್ಟು ಆರಂಭಿಸಲು, ಮುಗಿಸಲು ಇದೇ ಬೇಕು. ಆದರೆ ಕಂಬ ತಿರುಗಿದರೆ, ಅಥವಾ ಎಳೆತ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾಗುತ್ತಿದ್ದರೆ ಇದು ಜಾರುತ್ತದೆ. ಇದೊಂದನ್ನೇ ನಂಬಿ ಯಾವುದನ್ನೂ ತೂಗಹಾಕಬಾರದು.

ಎರಡನೆಯದು ಬೌಲೈನ್. ಭಾರ ಬಿದ್ದರೂ ಕಿರಿದಾಗದ, ಕೆಲಸ ಮುಗಿದ ಮೇಲೆ ಸುಲಭವಾಗಿ ಬಿಚ್ಚಲು ಬರುವ ಕುಣಿಕೆ ಇದು. ಹಗ್ಗದಲ್ಲಿ ಒಂದು ಚಿಕ್ಕ ಸುರುಳಿ ಮಾಡಿ, ತುದಿಯನ್ನು ಆ ಸುರುಳಿಯೊಳಗೆ ಕೆಳಗಿನಿಂದ ಮೇಲೆ ತಂದು, ಉದ್ದ ಹಗ್ಗದ ಹಿಂದಿನಿಂದ ಬಳಸಿ, ಮತ್ತೆ ಅದೇ ಸುರುಳಿಯೊಳಗೆ ಇಳಿಸಿ ಬಿಗಿಯಬೇಕು. ಎಳೆತವಿಲ್ಲದೆ ಅಲುಗಾಡುತ್ತಿದ್ದರೆ, ಅದರಲ್ಲೂ ಗಡುಸಾದ ಪ್ಲಾಸ್ಟಿಕ್ ಹಗ್ಗದಲ್ಲಿ, ಇದು ತಾನಾಗಿ ಸಡಿಲವಾಗುವುದುಂಟು. ಆದ್ದರಿಂದ ತುದಿಯನ್ನು ಒಂದು ಗೇಣಿನಷ್ಟು ಉದ್ದ ಬಿಟ್ಟು, ಅದನ್ನು ಕುಣಿಕೆಯ ಪಕ್ಕದ ಎಳೆಗೆ ಇನ್ನೊಮ್ಮೆ ಗಂಟು ಹಾಕಬೇಕು.

ಮೂರನೆಯದು ಗೂಟಕ್ಕೋ ಮರದ ಬುಡಕ್ಕೋ ಕಟ್ಟಲು: ಎರಡು ಸುತ್ತು ಪೂರ್ತಿಯಾಗಿ ಸುತ್ತಿ, ಎಳೆತ ಆ ಸುತ್ತುಗಳಲ್ಲೇ ನಿಂತ ಮೇಲೆ, ಉದ್ದ ಹಗ್ಗದ ಮೇಲೆ ಒಂದೇ ದಿಕ್ಕಿನಲ್ಲಿ ಎರಡು ಅರೆಗಂಟು (ತುದಿಯನ್ನು ಹಗ್ಗಕ್ಕೆ ಒಮ್ಮೆ ಬಳಸಿ, ಆ ಬಳಸಿನೊಳಗಿಂದಲೇ ಎಳೆಯುವುದು) ಹಾಕುವುದು. ಗಾಳಿಯಲ್ಲಿ ಜಗ್ಗುವ ಹಗ್ಗಕ್ಕೆ ಇದರಷ್ಟು ವಿಶ್ವಾಸದ್ದು ಬೇರೆ ಇಲ್ಲ. ಎಳೆದು ಹಿಡಿದುಕೊಂಡೇ ಕಟ್ಟಬಹುದು, ಎಳೆತವಿದ್ದಾಗಲೇ ಬಿಚ್ಚಲೂಬಹುದು.

ನಾಲ್ಕನೆಯದು ಎರಡು ಹಗ್ಗಗಳನ್ನು ಸೇರಿಸುವ ಶೀಟ್ ಬೆಂಡ್. ದಪ್ಪ ಹಗ್ಗದ ತುದಿಯನ್ನು ಮಡಚಿ, ತೆಳು ಹಗ್ಗವನ್ನು ಆ ಮಡಿಕೆಯೊಳಗಿಂದ ಮೇಲೆ ತಂದು, ಮಡಿಕೆಯ ಎರಡೂ ಎಳೆಗಳ ಹಿಂದಿನಿಂದ ಬಳಸಿ, ತನ್ನದೇ ಎಳೆಯ ಅಡಿಗೆ ಸಿಕ್ಕಿಸಬೇಕು. ಪ್ಲಾಸ್ಟಿಕ್ಕಿನಲ್ಲಿ ಎರಡು ಸಲ ಬಳಸುವುದು ಕ್ಷೇಮ. ಅಕ್ಕಿಮುಡಿ, ಬಟ್ಟೆಗಂಟು, ಬ್ಯಾಂಡೇಜು ಕಟ್ಟುವ ರೀಫ್ ನಾಟನ್ನು ಹಗ್ಗ ಸೇರಿಸಲು ಬಳಸುವ ಅಭ್ಯಾಸ ಬಹಳ ಕಡೆ ಇದೆ. ಅದು ತಪ್ಪು, ಅಪಾಯಕರ. ಒಂದು ತುದಿಯನ್ನು ಪಕ್ಕಕ್ಕೆ ಜಗ್ಗಿದರೆ ಸಾಕು, ಆ ಗಂಟು ಮಗುಚಿ ಜಾರುತ್ತದೆ.

ಐದನೆಯದು ಮರ ಎಳೆಯಲು ಬೇಕಾದ ಟಿಂಬರ್ ಹಿಚ್. ಹಗ್ಗವನ್ನು ಮರಕ್ಕೆ ಸುತ್ತಿ, ತುದಿಯನ್ನು ಉದ್ದ ಹಗ್ಗಕ್ಕೆ ಬಳಸಿ ತಂದು, ತನ್ನದೇ ಎಳೆಗೆ ಮೂರು ನಾಲ್ಕು ಸಲ ಹೊಸೆದಂತೆ ಸುತ್ತಿದರೆ ಸಾಕು. ಎಳೆದಷ್ಟೂ ಅದು ಕಚ್ಚುತ್ತದೆ, ಬಿಟ್ಟ ಕೂಡಲೇ ಸಡಿಲವಾಗುತ್ತದೆ.

ಸಂದಿಯ ಕಟ್ಟು

ಈಗ ಮುಖ್ಯ ಕೆಲಸ. ನೆಟ್ಟಗಿನ ಕಂಬಕ್ಕೆ ಅಡ್ಡಮರವನ್ನು ನೇರ ಕೋನದಲ್ಲಿ ಕಟ್ಟುವುದಕ್ಕೆ ಸ್ಕ್ವೇರ್ ಲ್ಯಾಶಿಂಗ್ ಎಂದು ಹೆಸರು. ಇದನ್ನು ಕಲಿಯುವಾಗ ಎದೆಯ ಎತ್ತರದಲ್ಲಿ, ನೆಲದ ಮೇಲೆ ನಿಂತು, ಎರಡು ಮೋಟು ಮರಗಳಲ್ಲಿ ಕಟ್ಟಿ ಬಿಚ್ಚಿ ಕಲಿಯಬೇಕು. ಏಣಿಯ ಮೇಲೆ ನಿಂತು ಕಲಿಯುವ ಕೆಲಸವಲ್ಲ ಇದು.

ಬಳ್ಳಿ ಎಷ್ಟು ಬೇಕೆಂಬುದಕ್ಕೆ ಒಂದು ಅಂದಾಜು ಇದೆ. ಎರಡೂ ಮರಗಳ ದಪ್ಪವನ್ನು ಸೆಂಟಿಮೀಟರಿನಲ್ಲಿ ಕೂಡಿಸಿ, ಪ್ರತಿ ಮೂರು ಸೆಂಟಿಮೀಟರಿಗೆ ಒಂದು ಮೀಟರ್. ಹತ್ತು ಸೆಂಟಿಮೀಟರ್ ದಪ್ಪದ ಎರಡು ಅಡಿಕೆ ಮರಗಳಾದರೆ ಸುಮಾರು ಏಳು ಮೀಟರ್, ಅಂದರೆ ನಾಲ್ಕು ಮಾರು. ಆರು ಸೆಂಟಿಮೀಟರಿನ ಬಿದಿರುಗಳಾದರೆ ನಾಲ್ಕು ಮೀಟರ್. ಅರ್ಧದಲ್ಲಿ ಬಳ್ಳಿ ಮುಗಿದು ಮತ್ತೊಂದನ್ನು ಜೋಡಿಸುವಂತಾಗಬಾರದು. ಜೋಡಣೆಯ ಗಂಟು ಸುತ್ತುಗಳ ನಡುವೆ ಬಂದರೆ ಅಲ್ಲಿ ಬಿಗಿತ ನಿಲ್ಲುವುದಿಲ್ಲ.

ಅಡ್ಡಮರ ಕಂಬದ ಮುಂಭಾಗಕ್ಕೆ ತಾಗಿ ನಿಂತಿದೆ, ಕಂಬದ ತುದಿ ಅದಕ್ಕಿಂತ ಒಂದು ಗೇಣಾದರೂ ಮೇಲೆ ಉಳಿದಿದೆ ಎಂದುಕೊಳ್ಳಿ. ಅಡ್ಡಮರದ ಸ್ವಲ್ಪ ಕೆಳಗೆ, ಕಂಬಕ್ಕೆ ಕ್ಲೋವ್ ಹಿಚ್ ಹಾಕಿ. ಉಳಿದ ಮೋಟು ತುದಿಯನ್ನು ಉದ್ದ ಬಳ್ಳಿಗೆ ಹೊಸೆದುಬಿಡಿ, ಆಗ ಅದು ಸುತ್ತುಗಳಡಿ ಸಿಕ್ಕಿ ತಾನೇ ಭದ್ರವಾಗುತ್ತದೆ. ಬಳ್ಳಿಯನ್ನು ಅಡ್ಡಮರದ ಮುಂದಿನಿಂದ ಮೇಲಕ್ಕೆ ತನ್ನಿ, ಕಂಬದ ಹಿಂದಿನಿಂದ ಬಳಸಿ, ಇನ್ನೊಂದು ಬದಿಯಲ್ಲಿ ಅಡ್ಡಮರದ ಮುಂದಿನಿಂದ ಕೆಳಕ್ಕೆ ಇಳಿಸಿ, ಕಂಬದ ಹಿಂದಿನಿಂದ ಮತ್ತೆ ಆರಂಭದ ಜಾಗಕ್ಕೆ ತನ್ನಿ. ಇದು ಒಂದು ಸುತ್ತು. ಇಂಥ ಮೂರು ಸುತ್ತು ಬೇಕು. ಎರಡನೆಯ, ಮೂರನೆಯ ಸುತ್ತುಗಳು ಅಡ್ಡಮರದ ಮೇಲೆ ಹಿಂದಿನ ಸುತ್ತಿನ ಹೊರಬದಿಗೂ, ಕಂಬದ ಮೇಲೆ ಹಿಂದಿನ ಸುತ್ತಿನ ಒಳಬದಿಗೂ ಬರಬೇಕು. ಹಾಗೆ ಬಂದರೆ ಎಳೆಗಳು ಒಂದರ ಮೇಲೊಂದು ಹತ್ತದೆ ಚಾಪೆಯ ಕಡ್ಡಿಗಳಂತೆ ಸಾಲಾಗಿ ಕೂರುತ್ತವೆ. ಎಳೆಯ ಮೇಲೆ ಎಳೆ ಹತ್ತಿದರೆ, ಮೇಲಿನದು ಮುಂದೆ ಎಂದಾದರೂ ಕೆಳಗಿಳಿದು ಅಷ್ಟು ಸಡಿಲವನ್ನು ಸಂದಿಗೆ ಬಿಟ್ಟುಕೊಡುತ್ತದೆ. ಪ್ರತಿ ಅರ್ಧ ಸುತ್ತಿಗೂ ಬಳ್ಳಿಯನ್ನು ಬಿಗಿಯಾಗಿ ಎಳೆಯಬೇಕು. ಕೊನೆಗೆ ಒಂದೇ ಸಲ ಎಳೆದರೆ ಬಿಗಿತ ಹಿಂದಿನ ಸುತ್ತಿಗೆ ತಲುಪುವುದಿಲ್ಲ.

ಇಲ್ಲಿಗೆ ನಾವು ಅಂದು ಕೆಲಸ ಮುಗಿಯಿತೆಂದು ತಿಳಿದಿದ್ದೆವು. ನಿಜವಾದ ಕೆಲಸ ಇದರ ನಂತರದ್ದು. ಈಗ ಬಳ್ಳಿಯನ್ನು ಎರಡು ಮರಗಳ ನಡುವಿನ ಸಂದಿಗೆ ತೂರಿಸಿ, ಅಡ್ಡಮರದ ಹಿಂದಿನಿಂದ, ಕಂಬದ ಮುಂದಿನಿಂದ, ಈಗಾಗಲೇ ಹಾಕಿದ ಸುತ್ತುಗಳ ಸೊಂಟವನ್ನೇ ಹಿಸುಕುವಂತೆ ಸುತ್ತಬೇಕು. ಇದನ್ನು ಫ್ರಾಪಿಂಗ್ ಎನ್ನುತ್ತಾರೆ. ನಾನು ಬಿಗಿಸುತ್ತು ಎನ್ನುತ್ತೇನೆ. ಮೂರು ಸುತ್ತುಗಳ ಎಳೆಗಳನ್ನು ಇದು ಒಟ್ಟಿಗೆ ಒಳಕ್ಕೆ ಸೆಳೆಯುವುದರಿಂದ, ಕೈಯಿಂದ ನೇರವಾಗಿ ಎಳೆದು ಎಂದೂ ತರಲಾಗದ ಬಿಗಿತ ಬರುತ್ತದೆ. ಎರಡು ಬಿಗಿಸುತ್ತು ಸಾಮಾನ್ಯವಾಗಿ ಸಾಕು, ನುಣುಪು ಮರಕ್ಕೆ ಮೂರು. ಬಳ್ಳಿಯನ್ನು ಅಂಗೈಗೆ ಸುತ್ತಿಕೊಂಡು ಎಳೆಯಬೇಡಿ. ಮರ ಅಲುಗಿ ಬಳ್ಳಿ ಸೆಳೆದರೆ ಬೆರಳು ಸಿಕ್ಕಿಬೀಳುತ್ತದೆ. ಒಂದು ಗೇಣುದ್ದದ ಗಟ್ಟಿ ಕೋಲಿಗೆ ಬಳ್ಳಿಯನ್ನು ಎರಡು ಸುತ್ತು ಸುತ್ತಿ, ಆ ಕೋಲನ್ನು ಹಿಡಿದು, ಕಾಲನ್ನು ಕಂಬದ ಬುಡಕ್ಕೆ ಊರಿ ಎಳೆಯಿರಿ. ಕೊನೆಯ ಕ್ಲೋವ್ ಹಿಚ್ಚನ್ನು ಅಡ್ಡಮರದ ಮೇಲೆ, ಸುತ್ತುಗಳಿಗೆ ಒತ್ತಿಕೊಂಡಂತೆ ಹಾಕಿ ಮುಗಿಸಿ.

ಸಂದಿ ಸರಿಯಾಯಿತೇ ಎಂದು ನೋಡುವ ಬಗೆಯನ್ನು ನನಗೆ ತೋರಿಸಿಕೊಟ್ಟವರು ನಮ್ಮ ನೆರೆಕರೆಯ ಒಬ್ಬ ಹಿರಿಯರು. ನನ್ನ ಕಟ್ಟಿನ ಸುತ್ತುಗಳಡಿಗೆ ಅವರು ಕಿರುಬೆರಳಿನ ಉಗುರನ್ನು ತೂರಿಸಿ ನೋಡಿದರು. ಉಗುರು ಒಳಗೆ ಹೋಯಿತು. “ಇದು ಬಿಚ್ಚಿ ಕಟ್ಟು ಮಗಾ” ಎಂದರು, ಅಷ್ಟೇ. ಎರಡನೆಯ ಸಲವೂ ಹೋಯಿತು. ಮೂರನೆಯ ಸಲ ಉಗುರು ಬಳ್ಳಿಯ ಮೇಲೆ ಜಾರಿತು, ಅಡ್ಡಮರದ ತುದಿಯನ್ನು ಹಿಡಿದು ಅಲುಗಿಸಿದಾಗ ಕಂಬವೂ ಜೊತೆಯಲ್ಲೇ ಅಲುಗಿತು. ಎರಡು ಮರ ಒಂದೇ ಮರದಂತೆ ಅಲುಗಬೇಕು. ಸಂದಿಯಿಂದ ಕಿರ್ ಎಂಬ ಸದ್ದು ಬಂದರೆ ಅಲ್ಲಿ ಇನ್ನೂ ಎಡೆಯಿದೆ.

ಎಷ್ಟೇ ಬಿಗಿ ಕಟ್ಟಿದರೂ ಭಾರವನ್ನು ಬಳ್ಳಿಯೇ ಹೊರುವಂತೆ ಮಾಡುವುದು ಜಾಣತನವಲ್ಲ. ಕಾಡುಮರಗಳಾದರೆ ಕವಲಿರುವ ಕಂಬ ಆರಿಸಿ ಅಡ್ಡಮರವನ್ನು ಕವಲಿನಲ್ಲಿ ಕೂರಿಸಬಹುದು. ಅಡಿಕೆ ಮರಕ್ಕೆ ಕವಲಿಲ್ಲ, ಬದಿಯಲ್ಲಿ ಕಚ್ಚು ತೆಗೆದರೆ ಬಲವಿರುವ ಕವಚವೇ ಹೋಗುತ್ತದೆ. ಆದ್ದರಿಂದ ಭಾರದ ಅಡ್ಡಮರ ಬರುವಲ್ಲಿ ಕಂಬಕ್ಕೆ ತಾಗಿಸಿ ಇನ್ನೊಂದು ಗಿಡ್ಡ ಕಂಬವನ್ನು ಅಡ್ಡಮರದ ಅಡಿಗೆ ಸರಿಯಾಗಿ ಬರುವಂತೆ ನಿಲ್ಲಿಸಿ, ಎರಡೂ ಕಂಬಗಳನ್ನು ಮೂರು ಕಡೆ ಸೇರಿಸಿ ಕಟ್ಟಬೇಕು. ಆಗ ಭಾರ ಮರದಿಂದ ನೆಲಕ್ಕೆ ಇಳಿಯುತ್ತದೆ, ಬಳ್ಳಿಗೆ ಹಿಡಿದುಕೊಳ್ಳುವ ಕೆಲಸ ಮಾತ್ರ ಉಳಿಯುತ್ತದೆ. ಇಂದಿಗೂ ನಾನು ಈ ಒಂದು ಕಂಬದ ಖರ್ಚನ್ನು ಉಳಿಸುವುದಿಲ್ಲ.

ಓರೆಮರ ಮತ್ತು ನೆಲ

ನಾಲ್ಕು ಮರಗಳ ಚೌಕಟ್ಟು ಎಷ್ಟು ಬಿಗಿಯಾಗಿದ್ದರೂ ಬದಿಯಿಂದ ದೂಡಿದರೆ ಓರೆಯಾಗುತ್ತದೆ; ಅದರ ಮೂಲೆಗೆ ಒಂದು ಓರೆಮರ ಕೊಟ್ಟು ತ್ರಿಕೋನ ಮಾಡಿದರೆ ಓರೆಯಾಗಲಾರದು. ಮಣ್ಣಿನ ಅಂಗಳದಲ್ಲಿ ಹತ್ತು ಅಡಿಯ ಕಂಬವನ್ನು ಎರಡು ಅಡಿ ಹೂತು, ಸುತ್ತ ಮುರಕಲ್ಲಿನ ಚೂರು ಹಾಕಿ ಹಾರೆಯ ತಲೆಯಿಂದ ಗುದ್ದಿ ನಿಲ್ಲಿಸಬಹುದು. ಈಗ ಹೆಚ್ಚಿನ ಅಂಗಳಗಳಿಗೆ ಸಿಮೆಂಟು ಬಿದ್ದಿರುವುದರಿಂದ ಹೂಳಲು ಜಾಗವಿಲ್ಲ. ಅಂಥಲ್ಲಿ ಪ್ರತಿ ಬದಿಗೂ ಓರೆಮರ ಕಡ್ಡಾಯ. ಓರೆಮರ ಕಂಬವನ್ನು ತಾಗದೆ ಎಡೆಬಿಟ್ಟು ನಿಂತಾಗ ಮೇಲೆ ಹೇಳಿದ ಕಟ್ಟು ಸಾಲದು. ಟಿಂಬರ್ ಹಿಚ್ಚಿನಿಂದ ಎರಡೂ ಮರಗಳನ್ನು ಒಟ್ಟಿಗೆ ಸೆಳೆದು, ಒಂದು ಓರೆಗೆ ಮೂರು ಸುತ್ತು, ಇನ್ನೊಂದು ಓರೆಗೆ ಮೂರು ಸುತ್ತು, ನಡುವೆ ಎರಡು ಬಿಗಿಸುತ್ತು, ಕೊನೆಗೆ ಕ್ಲೋವ್ ಹಿಚ್ ಹಾಕಬೇಕು.

ಗಾಳಿ

ಚಪ್ಪರ ಬೀಳುವುದು ಭಾರದಿಂದ ಎಂದು ಜನ ತಿಳಿಯುತ್ತಾರೆ. ನಮ್ಮಲ್ಲಿ ಪತ್ತನಾಜೆಯ ಹೊತ್ತಿಗೆ, ಮೇ ತಿಂಗಳ ಕೊನೆಯ ಸಂಜೆಗಳಲ್ಲಿ ಗುಡುಗಿನೊಂದಿಗೆ ಬರುವ ಗಾಳಿಗೆ ಅದು ಹಾರುವುದೇ ಹೆಚ್ಚು. ಮಡಲಿನ ಚಪ್ಪರದಲ್ಲಿ ಗಾಳಿ ಎಡೆಯಿಂದ ನುಸುಳಿ ಹೋಗುತ್ತದೆ. ಟಾರ್ಪಾಲು ಹಾಯಿಯಂತೆ ಹಿಡಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 17 ಕೆ.ಜಿ.ಯಷ್ಟು. ಇಪ್ಪತ್ತು ಅಡಿ ಚೌಕದ ಟಾರ್ಪಾಲಿನ ವಿಸ್ತಾರ 37 ಚದರ ಮೀಟರ್; ಆ ಒತ್ತಡದ ಅರ್ಧ ಭಾಗ ಮೇಲಕ್ಕೆ ಎತ್ತಿದರೂ 300 ಕೆ.ಜಿ. ಆಯಿತು. ಇಷ್ಟು ಎಳೆತವನ್ನು ತಡೆಯಬೇಕಾದದ್ದು ಗೂಟದ ಹಗ್ಗಗಳು.

ಆದ್ದರಿಂದ ಪ್ರತಿ ಮೂಲೆಯಿಂದ ಎರಡು ದಿಕ್ಕಿಗೆ ಒಂದೊಂದರಂತೆ ಹಗ್ಗ ಇಳಿಸಿ, ನೆಲದೊಂದಿಗೆ ಸುಮಾರು 45 ಡಿಗ್ರಿ ಓರೆಯಿರುವಂತೆ ಕಟ್ಟಬೇಕು. ಗೂಟ ಎರಡೂವರೆ ಅಡಿಗಿಂತ ಗಿಡ್ಡವಿರಬಾರದು, ತಲೆ ಚಪ್ಪರದಿಂದ ಆಚೆಗೆ ಬಾಗಿರಬೇಕು, ಹಗ್ಗ ಗೂಟದ ತಲೆಗಲ್ಲ, ನೆಲಮಟ್ಟದಲ್ಲಿ ಬಿಗಿದಿರಬೇಕು. ಮುರಕಲ್ಲಿನ ನೆಲದಲ್ಲಿ ಗೂಟ ಇಳಿಯದಿದ್ದರೆ ಹತ್ತಿರದ ತೆಂಗಿನ ಮರದ ಬುಡವನ್ನು ಬಳಸಬಹುದು, ನಡುವೆ ಗೋಣಿ ಇಟ್ಟರೆ ಹಗ್ಗವೂ ಸವೆಯದು. ಎಳೆ ಅಡಿಕೆ ಮರಕ್ಕೆ ಕಟ್ಟಬೇಡಿ, ಗಾಳಿಗೆ ಅದೇ ತೂಗಿ ಚಪ್ಪರವನ್ನು ಎಳೆಯುತ್ತದೆ. ಕತ್ತಲಾದ ಮೇಲೆ ಅಂಗಳದಲ್ಲಿ ಓಡಾಡುವ ಮಕ್ಕಳು, ಹಿರಿಯರು ಎಡವದಂತೆ ಪ್ರತಿ ಹಗ್ಗಕ್ಕೂ ಮೊಣಕಾಲೆತ್ತರದಲ್ಲಿ ಬಿಳಿ ಬಟ್ಟೆ ಕಟ್ಟಬೇಕು.

ಎರಡು ಕಂಬಗಳ ನಡುವೆ ಹಗ್ಗವನ್ನು ತಂತಿಯಂತೆ ಸೆಟೆದು ಕಟ್ಟಿ ಅದರ ನಡುವಿಗೆ ದೀಪವನ್ನೋ ಸ್ಪೀಕರನ್ನೋ ತೂಗಹಾಕುವವರು ಒಂದು ಲೆಕ್ಕ ತಿಳಿದಿರಬೇಕು. ಹಗ್ಗ ಬಾಗಿರುವುದು ಐದು ಡಿಗ್ರಿಯಷ್ಟೇ ಆದರೆ, 20 ಕೆ.ಜಿ.ಯ ವಸ್ತು ಹಗ್ಗದ ಪ್ರತಿ ಬದಿಯಲ್ಲೂ 115 ಕೆ.ಜಿ.ಯಷ್ಟು ಎಳೆತ ಉಂಟುಮಾಡುತ್ತದೆ, ಕಂಬಗಳನ್ನೂ ಅಷ್ಟೇ ಬಲದಿಂದ ಒಳಕ್ಕೆ ಎಳೆಯುತ್ತದೆ. ಮೂವತ್ತು ಡಿಗ್ರಿ ಬಾಗಲು ಬಿಟ್ಟರೆ ಅದು 20 ಕೆ.ಜಿ.ಗೆ ಇಳಿಯುತ್ತದೆ.

ಎತ್ತರದ ಕೆಲಸ ಮತ್ತು ವಿದ್ಯುತ್ ತಂತಿ

ಕೆಲಸ ಶುರುಮಾಡುವ ಮೊದಲು ಮೇಲೆ ನೋಡಿ. ಮನೆಗೆ ಬರುವ ವಿದ್ಯುತ್ ತಂತಿ ಚಪ್ಪರದ ಮೇಲೋ ಬದಿಯಲ್ಲೋ ಹಾದುಹೋಗುತ್ತಿದ್ದರೆ ಚಪ್ಪರದ ಜಾಗವನ್ನೇ ಬದಲಿಸಬೇಕು. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಜೀವ ಹೋದದ್ದನ್ನು ನಮ್ಮ ಊರುಗಳು ಕಂಡಿವೆ. ಹಸಿ ಮರ, ಒದ್ದೆ ಬಳ್ಳಿ ಕೂಡ ವಿದ್ಯುತ್ತನ್ನು ಹರಿಯಬಿಡುತ್ತವೆ. ಉದ್ದ ಮರವನ್ನು ಎತ್ತಿ ನಿಲ್ಲಿಸುವಾಗ ಅದು ಯಾವ ಕಡೆಗೆ ಬಿದ್ದರೂ ತಂತಿಗೆ ಎಟುಕದಷ್ಟು ದೂರವಿರಬೇಕು.

ಕಂಬಗಳ ತುದಿಗೆ ಬೇಕಾದ ಹಗ್ಗಗಳನ್ನೆಲ್ಲ ಮರ ನೆಲದಲ್ಲಿರುವಾಗಲೇ ಕಟ್ಟಿಬಿಟ್ಟರೆ ಏಣಿ ಹತ್ತುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಏಣಿಯ ಬುಡವನ್ನು, ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ, ಹೊರಕ್ಕೆ ಇಡಬೇಕು. ಕೆಳಗೆ ಒಬ್ಬರು ಹಿಡಿದೇ ಇರಬೇಕು. ಕೈ ಚಾಚಿದರೆ ಎಟುಕದ ಸಂದಿಗೆ ಮೈ ವಾಲಿಸಬೇಡಿ, ಇಳಿದು ಏಣಿಯನ್ನು ಸರಿಸಿ. ಕತ್ತಿಯನ್ನು ಮೇಲಿನಿಂದ ಎಸೆಯುವ ಅಭ್ಯಾಸವಿದ್ದರೆ ಬಿಡಬೇಕು. ಅದನ್ನು ಹಗ್ಗದಲ್ಲಿ ಇಳಿಸಬೇಕು. ಸಂದಿ ಕಟ್ಟುವ ಬಳ್ಳಿಯನ್ನು ಸೊಂಟಕ್ಕೆ ಸುತ್ತಿಕೊಂಡು ಅದನ್ನೇ ಸುರಕ್ಷತೆಯೆಂದು ನಂಬಬಾರದು, ಬಿದ್ದಾಗ ಅದು ಪಕ್ಕೆಲುಬನ್ನೂ ಬೆನ್ನನ್ನೂ ಮುರಿಯಬಲ್ಲದು. ಕಾಲಿಗೆ ತಳೆ (ಬಳ್ಳಿಯ ಬಳೆ) ಹಾಕಿ ಅಡಿಕೆ ಮರ ಹತ್ತುವವರ ಕೌಶಲ ಬೇರೆಯದು. ಅದನ್ನು ನೋಡಿ ಅನುಕರಿಸಬೇಡಿ. ಏಣಿಗೆ ಎಟುಕದ ಎತ್ತರವಿದ್ದರೆ ಮೈಪೂರ್ತಿ ಹಿಡಿಯುವ ಸೇಫ್ಟಿ ಬೆಲ್ಟು ಬೇಕು, ಅದರ ಅಭ್ಯಾಸವೂ ಬೇಕು.

ದಿನದಿನದ ತಪಾಸಣೆ, ಇಳಿಸುವ ಕ್ರಮ

ಕಟ್ಟಿದ ಮರುದಿನ ಬೆಳಿಗ್ಗೆ ಎಲ್ಲ ಸಂದಿಗಳನ್ನೂ ಮುಟ್ಟಿ ನೋಡಬೇಕು. ಹಸಿಮರವಾದರೆ ಮೊದಲ ಹತ್ತು ದಿನ ಪ್ರತಿದಿನವೂ. ಸಡಿಲವಾದ ಸಂದಿಯ ಮೇಲೆ ಇನ್ನಷ್ಟು ಬಳ್ಳಿ ಸುತ್ತುವುದು ಪರಿಹಾರವಲ್ಲ. ಕೊನೆಯ ಗಂಟನ್ನೂ ಬಿಗಿಸುತ್ತುಗಳನ್ನೂ ಬಿಚ್ಚಿ, ಸುತ್ತುಗಳನ್ನು ಮೊದಲಿನಿಂದ ಎಳೆದು, ಮತ್ತೆ ಬಿಗಿಸುತ್ತು ಹಾಕಬೇಕು. ಆ ಹೊತ್ತಿಗೆ ಅಡ್ಡಮರದ ಅಡಿಗೆ ಬೇರೊಂದು ಊರೆ ಕೊಟ್ಟಿರಬೇಕು, ಕೆಳಗೆ ಯಾರೂ ಇರಬಾರದು. ಮಳೆ ಬಂದು ಹೋದ ಮೇಲೆ ಇನ್ನೊಮ್ಮೆ ನೋಡಬೇಕು. ಟಾರ್ಪಾಲಿನಲ್ಲಿ ನೀರು ನಿಂತಿದ್ದರೆ ಕೂಡಲೇ ಕೋಲಿನಿಂದ ಎತ್ತಿ ಚೆಲ್ಲಬೇಕು. ಹತ್ತು ಕೊಡ ನೀರು ನಿಂತರೆ ನೂರು ಕೆ.ಜಿ.ಗಿಂತ ಹೆಚ್ಚಿನ ಭಾರ ಒಂದೇ ಜಾಗದಲ್ಲಿ ತೂಗಿದಂತೆ.

ಇಳಿಸುವ ದಿನ ಎಲ್ಲರೂ ದಣಿದಿರುತ್ತಾರೆ, ಕತ್ತಿಯಿಂದ ಕಡಿದುಹಾಕುವ ಅವಸರವಿರುತ್ತದೆ. ಮೊದಲು ಮಾಡಿನ ಹೊದಿಕೆ, ಬಳಿಕ ಮೇಲಿನ ಸಣ್ಣ ಮರಗಳು, ಆಮೇಲೆ ಅಡ್ಡಮರಗಳು, ಓರೆಮರ, ಕೊನೆಯಲ್ಲಿ ಗೂಟದ ಹಗ್ಗ ಮತ್ತು ಕಂಬ, ಹೀಗೆ ಕಟ್ಟಿದ್ದಕ್ಕೆ ತಿರುಗುಮುರುಗಾಗಿ ಬಿಚ್ಚಬೇಕು. ಗೂಟದ ಹಗ್ಗವನ್ನು ಮೊದಲೇ ಬಿಚ್ಚಿದರೆ ಚಪ್ಪರ ಬಿಚ್ಚುವವರ ಮೇಲೆಯೇ ವಾಲುತ್ತದೆ. ಪ್ರತಿ ಅಡ್ಡಮರಕ್ಕೂ ಎರಡು ತುದಿಯಲ್ಲಿ ಒಬ್ಬೊಬ್ಬರಂತೆ ಇಬ್ಬರು ಇರಬೇಕು.

ಬಿಚ್ಚಿದ ಬಳ್ಳಿಯನ್ನು ನೆರಳಿನಲ್ಲಿ ಒಣಗಿಸಿ, ಹೊಸೆದ ದಿಕ್ಕಿನಲ್ಲೇ ಸುರುಳಿ ಸುತ್ತಿ, ಅಟ್ಟದಲ್ಲಿ ಬಿಸಿಲು ಬೀಳದ ಕಡೆ ತೂಗಹಾಕಬೇಕು. ಗೊಬ್ಬರದ ಚೀಲ, ಬ್ಯಾಟರಿ, ಮೈಲುತುತ್ತು ಇರುವಲ್ಲಿ ಇಡಬಾರದು. ಮುಂದಿನ ಸಲ ತೆಗೆದಾಗ ಎಳೆಗಳನ್ನು ಸ್ವಲ್ಪ ಬಿಡಿಸಿ ಒಳಗೆ ನೋಡಬೇಕು: ಪುಡಿ, ತುಂಡಾದ ನಾರು, ಬೂಸಲು ವಾಸನೆ ಕಂಡರೆ ಅದು ಇನ್ನು ಹುಲ್ಲುಕಟ್ಟು ಬಿಗಿಯಲು ಮಾತ್ರ. ನಾನು ಪ್ರತಿ ಸುರುಳಿಗೂ ಒಂದು ಬಟ್ಟೆಯ ಚೂರು ಕಟ್ಟಿ, ಅದರ ಮೇಲೆ ಕೊಂಡ ವರ್ಷವನ್ನೂ ಎಷ್ಟು ಚಪ್ಪರಕ್ಕೆ ಬಳಸಿದೆ ಎಂಬುದನ್ನೂ ಬರೆದಿಡುತ್ತೇನೆ.